ಆಫೀಸಿನ ಸೂಟು: ಬಿಸ್ಪೋಕ್ ಹೊಲಿಸಬೇಕೆ, ಮೇಡ್ ಟು ಮೆಷರ್ ಸಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಮಾತಾಡುತ್ತಿರುವುದು ರಿಸೆಪ್ಶನ್ ಸೂಟಿನ ಬಗ್ಗೆ ಅಲ್ಲ. ಅದು ಒಂದು ಸಂಜೆಯ ಬಟ್ಟೆ. ಫೋಟೊದಲ್ಲಿ ಚೆನ್ನಾಗಿ ಬಂದರೆ ಅದರ ಕೆಲಸ ಮುಗಿಯಿತು. ಆಫೀಸಿನ ಸೂಟು ಕಾರಿನಲ್ಲಿ, ವಿಮಾನದಲ್ಲಿ, ಮೀಟಿಂಗ್ ರೂಮಿನ ಕುರ್ಚಿಯಲ್ಲಿ ದಿನವಿಡೀ ಮೈಮೇಲಿರಬೇಕು, ಅದೂ ವರ್ಷಗಟ್ಟಲೆ. ಬ್ಯಾಂಕಿನವರು, ಹೋಟೆಲಿನವರು, ವಿದೇಶಿ ಕ್ಲಯಂಟುಗಳ ಮುಂದೆ ನಿಲ್ಲಬೇಕಾದ ಐಟಿಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಎಲ್ಲ ಉತ್ತರಗಳ ಹಿಂದಿರುವ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ದುಡ್ಡು ಹಾಕಬೇಕಾದದ್ದು ಟ್ರಯಲ್‌ಗೆ, ಬಟ್ಟೆಯ ಅಂಚಿನಲ್ಲಿ ಅಚ್ಚಾಗಿರುವ ಸೂಪರ್ 120, ಸೂಪರ್ 150 ಅನ್ನುವ ನಂಬರಿಗಲ್ಲ.

ಎರಡರಲ್ಲೂ ಅಳತೆ ತೆಗೆದುಕೊಳ್ಳುತ್ತಾರಲ್ಲ, ವ್ಯತ್ಯಾಸ ಎಲ್ಲಿ?

ಅಳತೆ ತೆಗೆದ ಮೇಲೆ ಏನಾಗುತ್ತದೆ ಎನ್ನುವುದರಲ್ಲಿದೆ.

ಬಿಸ್ಪೋಕ್ ಅಂದರೆ ಕಟಿಂಗ್ ಮಾಸ್ಟರ್ ನಿಮಗೊಬ್ಬರಿಗೇ ಅಂತ ಕಾಗದದ ಮೇಲೆ ಹೊಸದಾಗಿ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸಬೇಕಾದ ಆಕಾರದ ನಕ್ಷೆ, ಬರೆಯುತ್ತಾರೆ. ಅದನ್ನು ಬಟ್ಟೆಯ ಮೇಲಿಟ್ಟು ಸುಣ್ಣದ ಬಿಲ್ಲೆಯಲ್ಲಿ ಗೆರೆ ಎಳೆದು ಕೈಯಿಂದ ಕತ್ತರಿಸುತ್ತಾರೆ. ಆಮೇಲೆ ಬಿಳಿ ದಾರದಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಜೇಬಿಲ್ಲದ, ಲೈನಿಂಗ್ ಇಲ್ಲದ ಕೋಟನ್ನು ನಿಮ್ಮ ಮೈಮೇಲೆ ತೊಡಿಸಿ ನೋಡುತ್ತಾರೆ. ಇದೇ ಕಚ್ಚಾ ಟ್ರಯಲ್. ಅಲ್ಲಿ ಕಂಡ ದೋಷಗಳನ್ನು ಗುರುತು ಮಾಡಿಕೊಂಡು, ಕೋಟನ್ನು ಪೂರ್ತಿ ಬಿಚ್ಚಿ, ಮತ್ತೆ ಕತ್ತರಿಸಿ, ಮತ್ತೆ ಜೋಡಿಸುತ್ತಾರೆ. ಎರಡನೇ ಟ್ರಯಲ್, ಬೇಕಾದರೆ ಮೂರನೆಯದು.

ಮೇಡ್ ಟು ಮೆಷರ್‌ನಲ್ಲಿ ಕಂಪನಿಯ ಹತ್ತಿರ ಮೊದಲೇ ಮಾಡಿಟ್ಟ ಪ್ಯಾಟರ್ನ್‌ಗಳಿರುತ್ತವೆ: 38, 40, 42 ಹೀಗೆ. ನಿಮಗೆ ಹತ್ತಿರವಾದ ಸೈಜಿನ ಕೋಟು ತೊಡಿಸಿ, ತೋಳು ಅರ್ಧ ಇಂಚು ಗಿಡ್ಡ, ಸೊಂಟ ಒಂದು ಇಂಚು ಬಿಗಿ, ಬಲಭುಜ ಇಳಿಜಾರು ಅಂತ ಫಾರ್ಮಿನಲ್ಲಿ ತುಂಬಿಸುತ್ತಾರೆ. ಕಂಪ್ಯೂಟರಿನಲ್ಲಿ ಆ ಪ್ಯಾಟರ್ನ್ ತಿದ್ದಿ, ಫ್ಯಾಕ್ಟರಿಯಲ್ಲಿ ಯಂತ್ರದಿಂದ ಕತ್ತರಿಸಿ, ಪೂರ್ತಿ ಹೊಲಿದು ಕಳಿಸುತ್ತಾರೆ. ನೀವು ಟ್ರಯಲ್‌ಗೆ ಹೋದಾಗ ಕೋಟು ಮುಗಿದಿರುತ್ತದೆ.

ಇಡೀ ಬೆಲೆಯ ಅಂತರ ಇದರಲ್ಲೇ ಅಡಗಿದೆ. ಒಂದರಲ್ಲಿ ತಪ್ಪು ಸಿಗುವುದು ಬಟ್ಟೆ ಇನ್ನೂ ಬಿಚ್ಚಿರುವಾಗ, ಇನ್ನೊಂದರಲ್ಲಿ ಎಲ್ಲ ಮುಚ್ಚಿ ಹೊಲಿದಾದ ಮೇಲೆ.

ನಮ್ಮ ಬಡಾವಣೆಯ ಟೈಲರ್ ಹೊಲಿಯುವುದೂ ಬಿಸ್ಪೋಕ್ ತಾನೆ?

ಬೋರ್ಡಿನಲ್ಲಿ ಏನು ಬರೆದಿದೆ ಅಂತ ನೋಡಿ ತೀರ್ಮಾನಿಸಬೇಡಿ. ಈ ಪದಕ್ಕೆ ಹುಟ್ಟೂರಿನಲ್ಲೇ ಕಾವಲಿಲ್ಲ. ಲಂಡನ್ನಿನ ಸ್ಯಾವಿಲ್ ರೋ ಬೀದಿಯ ಹಳೆಯ ಅಂಗಡಿಗಳು 2004ರಲ್ಲಿ ಒಂದು ಸಂಘ ಕಟ್ಟಿಕೊಂಡು, ಎರಡು ತುಂಡಿನ ಸೂಟಿಗೆ ಕನಿಷ್ಠ 50 ಗಂಟೆಯಾದರೂ ಕೈಕೆಲಸ ಇರಬೇಕು ಎಂದು ತಮ್ಮೊಳಗೇ ನಿಯಮ ಮಾಡಿಕೊಂಡವು. ಆದರೂ 2008ರಲ್ಲಿ, ಯಂತ್ರದಲ್ಲಿ ಕತ್ತರಿಸಿದ ಸೂಟನ್ನು ಬಿಸ್ಪೋಕ್ ಎಂದು ಜಾಹೀರಾತು ಕೊಟ್ಟ ಕಂಪನಿಯೊಂದರ ಮೇಲೆ ದೂರು ಹೋದಾಗ, ಬ್ರಿಟನ್ನಿನ ಜಾಹೀರಾತು ಮಾನದಂಡ ಪ್ರಾಧಿಕಾರ ಅದರಲ್ಲಿ ತಪ್ಪಿಲ್ಲ ಎಂದಿತು. ಅಲ್ಲೇ ಹೀಗಾದರೆ ಇಲ್ಲಿ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು.

ನಮ್ಮಲ್ಲಿ ಅನೇಕ ಟೈಲರ್‌ಗಳು ರಟ್ಟಿನ ಸಿದ್ಧ ಪ್ಯಾಟರ್ನ್ ಇಟ್ಟುಕೊಂಡು ಅದರ ಸುತ್ತ ನಿಮ್ಮ ಅಳತೆಗೆ ತಕ್ಕಂತೆ ಗೆರೆ ಎಳೆದು ಕತ್ತರಿಸುತ್ತಾರೆ. ಪಳಗಿದ ಕೈಯಾದರೆ ಅದೂ ಚೆನ್ನಾಗಿಯೇ ಬರುತ್ತದೆ. ಬೆಂಗಳೂರಿನಲ್ಲಿ 1923ರಿಂದ ನಡೆದುಬಂದಿರುವ ಪಿ.ಎನ್. ರಾವ್ ಅಂಥ ಅಂಗಡಿಯೂ ಇದೆ, ಒಂದೇ ಶಟರ್ ಹಿಂದೆ ಕೂತು ವಕೀಲರ ಕರಿಕೋಟು ಹೊಲಿಯುತ್ತಲೇ ಕೈ ಪಳಗಿಸಿಕೊಂಡ ಮಾಸ್ಟರೂ ಇದ್ದಾರೆ. ಯಾರ ಹತ್ತಿರ ಹೋದರೂ ನಾಲ್ಕು ಮಾತು ಕೇಳಿ. ಕತ್ತರಿಸುವವರು ಯಾರು, ಅವರೇ ನನ್ನ ಅಳತೆ ತೆಗೆಯುತ್ತಾರಾ? ಕಚ್ಚಾ ಟ್ರಯಲ್ ಇದೆಯಾ? ಪ್ಯಾಟರ್ನ್ ಇಟ್ಟುಕೊಳ್ಳುತ್ತೀರಾ? ಎದೆಗೆ ಕ್ಯಾನ್ವಾಸ್ ಹಾಕುತ್ತೀರಾ, ಫ್ಯೂಸಿಂಗಾ (ಇವೇನು ಅಂತ ಮುಂದೆ ಹೇಳಿದ್ದೇನೆ)? ಎರಡನೇ ಪ್ರಶ್ನೆಗೆ "ಬೇಡ ಸರ್, ಒಂದೇ ಸಲಕ್ಕೆ ಕರೆಕ್ಟಾಗಿ ಕೂರುತ್ತೆ" ಎಂಬ ಉತ್ತರ ಬಂದರೆ ಅಲ್ಲಿಂದ ಎದ್ದು ಬನ್ನಿ.

ಹಾಗಾದರೆ ನಾನು ಯಾವುದು ಆರಿಸಿಕೊಳ್ಳಲಿ?

ರೆಡಿಮೇಡ್ ಕೋಟು ತೊಟ್ಟಾಗ ಭುಜ ಹೆಚ್ಚುಕಡಿಮೆ ಸರಿಯಾಗಿ ಕೂರುತ್ತದೆ, ತೋಳು ಸೊಂಟ ಮಾತ್ರ ತಿದ್ದಿಸಬೇಕು ಅನ್ನುವವರಿಗೆ ಮೇಡ್ ಟು ಮೆಷರ್ ಧಾರಾಳ ಸಾಕು. ಮೊದಲ ಆಫೀಸ್ ಸೂಟು ಕೊಳ್ಳುತ್ತಿರುವ ಬಹಳ ಮಂದಿ ಈ ಗುಂಪಿನವರೇ. ಫ್ಯಾಕ್ಟರಿ ಹೊಲಿಗೆ ಅಂತ ಮೂಗು ಮುರಿಯುವ ಅಗತ್ಯ ಖಂಡಿತ ಇಲ್ಲ. ಗೌರಿಬಿದನೂರು, ದೊಡ್ಡಬಳ್ಳಾಪುರದ ಕಡೆ ರೇಮಂಡ್ ಬಳಗದ ಕಾರ್ಖಾನೆಗಳಿಂದ ಹೊರದೇಶಗಳಿಗೆ ಸೂಟು ಹೋಗುತ್ತದೆ. ಆ ಯಂತ್ರಗಳ ಮುಂದೆ ಕೂತ ಕೈಗಳ ಹೊಲಿಗೆ ಅನೇಕ ಸಣ್ಣ ಅಂಗಡಿಗಳಿಗಿಂತ ನೇರವಾಗಿ, ಒಂದೇ ಸಮನಾಗಿ ಇರುತ್ತದೆ.

ಬಿಸ್ಪೋಕ್ ಬೇಕಾಗುವುದು ದೇಹ ಸಿದ್ಧ ಪ್ಯಾಟರ್ನಿಗೆ ಒಗ್ಗದಿದ್ದಾಗ. ಒಂದು ಭುಜ ಸ್ಪಷ್ಟವಾಗಿ ಕೆಳಗಿದೆ, ಬೆನ್ನು ಮುಂದಕ್ಕೆ ಬಾಗಿದೆ, ಎದೆ ಅಗಲ ಸೊಂಟ ಸಣ್ಣ, ಇಲ್ಲವೇ ಹೊಟ್ಟೆ ಮುಂದೆ ಬಂದು ಸೊಂಟದ ಹಿಂಭಾಗ ಚಪ್ಪಟೆಯಾಗಿದೆ ಅಂಥವರಿಗೆ. ಇನ್ನೊಂದು ಕಾರಣವೂ ಇದೆ: ನಿಮಗೆ ಒಬ್ಬ ಒಳ್ಳೆಯ ಮಾಸ್ಟರ್ ಸಿಕ್ಕಿದ್ದಾರೆ. ಅದು ದೊಡ್ಡ ಭಾಗ್ಯ, ಬಿಡಬೇಡಿ. ಎರಡನೇ ಸೂಟು ಮೊದಲನೆಯದಕ್ಕಿಂತ ಚೆನ್ನಾಗಿ ಬರುತ್ತದೆ, ಏಕೆಂದರೆ ನಿಮ್ಮ ಪ್ಯಾಟರ್ನ್ ಅವರ ಗೋಡೆಯ ಮೊಳೆಗೆ ಆಗಲೇ ತೂಗುಹಾಕಿರುತ್ತದೆ.

ಸಾಧಾರಣ ಬಿಸ್ಪೋಕ್‌ಗಿಂತ ಒಳ್ಳೆಯ ಮೇಡ್ ಟು ಮೆಷರ್ ಯಾವತ್ತೂ ಮೇಲು.

ಮೇಡ್ ಟು ಮೆಷರ್‌ನಲ್ಲಿ ಸರಿಹೋಗದಂಥದ್ದು ಏನು?

ಉದ್ದ, ಅಗಲ ಸುಲಭವಾಗಿ ಸರಿಹೋಗುತ್ತವೆ. ಒಳ್ಳೆಯ ಕಂಪನಿಗಳಲ್ಲಿ ಭುಜದ ಇಳಿಜಾರು, ನಿಲುವು ಕೂಡ ಒಂದು ಮಿತಿಯೊಳಗೆ ತಿದ್ದಬಹುದು. ತೋಳು ಸೇರುವ ಕಂಕುಳ ಸುತ್ತಿನ ಆಕಾರ, ತೋಳು ತೂಗಾಡುವ ಕೋನ, ಕೋಟಿನ ಮುಂಭಾಗಕ್ಕೂ ಹಿಂಭಾಗಕ್ಕೂ ಇರಬೇಕಾದ ಉದ್ದದ ಹೊಂದಾಣಿಕೆ, ಇವು ಹೆಚ್ಚಾಗಿ ಪ್ಯಾಟರ್ನ್ ಹೇಗಿದೆಯೋ ಹಾಗೇ ಉಳಿಯುತ್ತವೆ. ಕೈ ಎತ್ತಿದಾಗ ಇಡೀ ಕೋಟೇ ಮೇಲೆದ್ದು ಬರುವುದು ಕಂಕುಳ ಸುತ್ತು ತೀರಾ ಕೆಳಗಿರುವುದರಿಂದ. ಇದನ್ನು ಆಲ್ಟರೇಶನ್‌ನಲ್ಲಿ ಸರಿಮಾಡಲು ಬರುವುದಿಲ್ಲ, ಬೇರೆ ಕಂಪನಿಯ ಪ್ಯಾಟರ್ನ್ ನೋಡಬೇಕಷ್ಟೆ.

ಹಾಗಾಗಿ ಅಳತೆ ಕೊಡುವ ಮುಂಚೆ ಅವರ ಟ್ರಯಲ್ ಕೋಟು ತೊಟ್ಟು, ಮುಂದೆ ಕೈ ಚಾಚಿ, ಕುರ್ಚಿಯಲ್ಲಿ ಕೂತು ನೋಡಿ. ಅದರಲ್ಲಿ ಭುಜ ಕೂರದಿದ್ದರೆ ಆರ್ಡರ್ ಕೊಡಬೇಡಿ.

ಟ್ರಯಲ್‌ಗೆ ಹೋದಾಗ ಏನೇನು ನೋಡಬೇಕು?

ಸೂಟಿಗೆ ಹಾಕುವ ಅಂಗಿ, ಸೂಟಿಗೆ ಹಾಕುವ ಶೂ ಹಾಕಿಕೊಂಡೇ ಹೋಗಿ. ಟೀ ಶರ್ಟ್, ಚಪ್ಪಲಿಯಲ್ಲಿ ಹೋದರೆ ಕಾಲರೂ ಪ್ಯಾಂಟಿನ ಉದ್ದವೂ ಎರಡೂ ತಪ್ಪುತ್ತವೆ. ಜೇಬಿನಲ್ಲಿ ದಿನಾ ಇರುವ ಫೋನು, ಪರ್ಸು ಇರಲಿ.

ಕನ್ನಡಿ ಎದುರು ನಿಂತ ಕೂಡಲೇ ಎಲ್ಲರೂ ಎದೆ ಉಬ್ಬಿಸಿ, ಹೊಟ್ಟೆ ಒಳಗೆಳೆದು ನಿಲ್ಲುತ್ತಾರೆ. ನಾನು ಹೋಗುವ ಮಾಸ್ಟರ್ ಇದಕ್ಕೆ ಒಂದು ಉಪಾಯ ಮಾಡುತ್ತಾರೆ. ಸುಮ್ಮನೆ ಟ್ರಾಫಿಕ್ಕು, ಮಕ್ಕಳ ಶಾಲೆ ಅಂತ ಮಾತಿಗೆಳೆಯುತ್ತಾರೆ. ಮಾತಾಡುತ್ತಾ ಮೈ ಸಡಿಲ ಬಿಟ್ಟಿರಿ ಅನ್ನುವಾಗ ಬೆನ್ನ ಹಿಂದಿನಿಂದ ಕಾಲರಿನ ಕಚ್ಚಾ ಹೊಲಿಗೆ ಸರ್ರನೆ ಕಿತ್ತು, ಬಲಗಡೆ ಅರ್ಧ ಬೆರಳಿನಷ್ಟು ಕೆಳಗಿಳಿಸಿ ಗುಂಡುಸೂಜಿ ಚುಚ್ಚುತ್ತಾರೆ. "ಲ್ಯಾಪ್‌ಟಾಪ್ ಬ್ಯಾಗು ಈ ಕಡೆ ಹಾಕ್ಕೋತೀರಲ್ಲ ಸರ್" ಅನ್ನುತ್ತಾರೆ. ಭುಜ ಕೆಳಗಿರುವುದು ಅಳತೆ ಟೇಪಿಗೆ ಸಿಕ್ಕಿರಲಿಲ್ಲ, ಅವರ ಕಣ್ಣಿಗೆ ಸಿಕ್ಕಿತು. ಟ್ರಯಲ್‌ಗೆ ದುಡ್ಡು ಕೊಡಿ ಅಂತ ನಾನು ಹೇಳುವುದು ಈ ಕಣ್ಣಿಗಾಗಿ.

ನೀವು ನೋಡಬೇಕಾದದ್ದನ್ನು ಮೇಲಿಂದ ಶುರುಮಾಡಿ. ಕೋಟಿನ ಕಾಲರು ಅಂಗಿಯ ಕಾಲರಿಗೆ ಕುತ್ತಿಗೆಯ ಸುತ್ತ ಅಂಟಿಕೊಂಡಿರಬೇಕು. ತಲೆ ತಿರುಗಿಸಿದರೂ ನಡುವೆ ಸಂದು ಬೀಳಬಾರದು. ಭುಜದ ಹೊಲಿಗೆ ನಿಮ್ಮ ಭುಜದ ಮೂಳೆ ಮುಗಿಯುವಲ್ಲಿ ಮುಗಿಯಬೇಕು, ಅದರಾಚೆ ತೋಳಿನ ತುದಿಯಲ್ಲಿ ಗುಳಿ ಬೀಳಬಾರದು. ಮೇಲಿನ ಗುಂಡಿ ಹಾಕಿದಾಗ ಹೊಟ್ಟೆಯ ಮೇಲೆ ಅಡ್ಡಡ್ಡ ಸುಕ್ಕು ಕತ್ತರಿ ಆಕಾರದಲ್ಲಿ ಎದ್ದರೆ ಬಿಗಿಯಾಯಿತು. ಬೆನ್ನು ಕಾಣಬೇಕಾದರೆ ಜೊತೆಯಲ್ಲಿ ಬಂದವರಿಂದ ಫೋಟೊ ತೆಗೆಸಿಕೊಳ್ಳಿ, ಕುತ್ತಿಗೆ ತಿರುಗಿಸಿ ಕನ್ನಡಿ ನೋಡಿದರೆ ಕೋಟು ತಾನಾಗಿಯೇ ಸುಕ್ಕಾಗುತ್ತದೆ. ಕಾಲರಿನ ಕೆಳಗೆ ಬೆನ್ನಿಗೆ ಅಡ್ಡಲಾಗಿ ಒಂದು ಮಡಿಕೆ ಎದ್ದು ನಿಂತಿದ್ದರೆ ಕಾಲರು ಇಳಿಸಬೇಕು ಅಂತ ಅರ್ಥ. ಕೈ ಇಳಿಬಿಟ್ಟಾಗ ಅಂಗಿಯ ಕಫ್ ಕಾಲಿಂಚಿನಿಂದ ಅರ್ಧ ಇಂಚಿನವರೆಗೆ ಕಾಣಲಿ.

ಕೊನೆಗೆ ಗುಂಡಿ ಬಿಚ್ಚಿ ಕೂತುಕೊಳ್ಳಿ, ಪ್ಯಾಂಟಿನ ತೊಡೆ, ಸೀಟು ಹಿಡಿಯುತ್ತದೆಯಾ ನೋಡಿ. ಏನಾದರೂ ಸರಿಯಿಲ್ಲ ಅನಿಸಿದರೆ ಸಂಕೋಚ ಬೇಡ, ಅಲ್ಲೇ ಹೇಳಿ. ಒಳ್ಳೆಯ ಮಾಸ್ಟರಿಗೆ ಹಾಗೆ ಹೇಳುವ ಗಿರಾಕಿಯೇ ಬೇಕು.

ಕ್ಯಾನ್ವಾಸ್, ಫ್ಯೂಸಿಂಗ್ ಅಂದರೇನು? ಅಷ್ಟು ಮುಖ್ಯವಾ?

ಕೋಟಿನ ಎದೆಭಾಗದ ಬಟ್ಟೆ ಮತ್ತು ಲೈನಿಂಗ್ ನಡುವೆ ಒಂದು ಪದರ ಇರುತ್ತದೆ. ಕೋಟಿಗೆ ಆಕಾರ ಕೊಡುವುದೇ ಅದು. ಕ್ಯಾನ್ವಾಸ್ ಎಂದರೆ ಉಣ್ಣೆ ಅಥವಾ ಹತ್ತಿಯ ಜೊತೆ ಕುದುರೆ ಕೂದಲು ಸೇರಿಸಿ ನೇಯ್ದದ್ದು, ಅದನ್ನು ಹೊಲಿಗೆ ಹಾಕಿ ಕೂರಿಸುತ್ತಾರೆ. ಮೈಯ ಶಾಖಕ್ಕೆ, ಚಲನೆಗೆ ಅದು ನಿಧಾನವಾಗಿ ನಿಮ್ಮ ಎದೆಯ ಆಕಾರ ಹಿಡಿಯುತ್ತದೆ. ಫ್ಯೂಸಿಂಗ್ ಎಂದರೆ ಅಂಟಿನ ಪದರವನ್ನು ಬಿಸಿ ಪ್ರೆಸ್‌ನಲ್ಲಿ ಬಟ್ಟೆಗೆ ಅಂಟಿಸುವುದು. ಅಗ್ಗ, ಬೇಗ. ಹಲವು ಸಲ ಡ್ರೈಕ್ಲೀನ್ ಆದ ಮೇಲೆ ಅಂಟು ಬಿಟ್ಟು ಲೇಪಲ್ (ಕೋಟಿನ ಎದೆಯ ಮೇಲೆ ಹೊರಕ್ಕೆ ಮಡಚಿದ ಪಟ್ಟಿ) ಮೇಲೆ ಸಣ್ಣ ಸಣ್ಣ ಗುಳ್ಳೆ ಏಳಬಹುದು. ಒಮ್ಮೆ ಎದ್ದರೆ ಮತ್ತೆ ಸರಿಮಾಡುವುದು ಬಹಳ ಕಷ್ಟ.

ನಡುವೆ ಹಾಫ್ ಕ್ಯಾನ್ವಾಸ್ ಇದೆ: ಎದೆ ಮತ್ತು ಲೇಪಲ್‌ಗೆ ಕ್ಯಾನ್ವಾಸ್, ಕೆಳಗೆ ಫ್ಯೂಸಿಂಗ್. ಆಫೀಸಿನ ಸೂಟಿಗೆ ನಾನು ಯಾರಿಗಾದರೂ ಹೇಳುವುದು ಇದನ್ನೇ. ಮೇಡ್ ಟು ಮೆಷರ್ ಕೌಂಟರುಗಳಲ್ಲಿ ಕೇಳಿದರೆ ಸ್ವಲ್ಪ ಹೆಚ್ಚು ದುಡ್ಡಿಗೆ ಸಿಗುತ್ತದೆ, ಕೇಳದಿದ್ದರೆ ತಾವಾಗಿ ಹೇಳುವವರು ಕಡಿಮೆ. ಪರೀಕ್ಷೆ ಮಾಡಬೇಕೆಂದರೆ ಲೇಪಲ್ ಕೆಳಗೆ ಎದೆಯ ಹತ್ತಿರ ಹೊರಬಟ್ಟೆಯನ್ನೂ ಒಳಬಟ್ಟೆಯನ್ನೂ ಎರಡು ಬೆರಳಲ್ಲಿ ಹಿಡಿದು ಬೇರ್ಪಡಿಸಿ ಉಜ್ಜಿ. ನಡುವೆ ಮೂರನೆಯ ಪದರ ಬಿಡಿಯಾಗಿ ಸರಿದಾಡಿದರೆ ಕ್ಯಾನ್ವಾಸ್.

ಸೂಪರ್ 120, ಸೂಪರ್ 150 ಅಂತಾರೆ. ನಂಬರ್ ಹೆಚ್ಚಾದಷ್ಟೂ ಒಳ್ಳೆಯದಾ?

ಅದು ಉಣ್ಣೆಯ ಎಳೆ ಎಷ್ಟು ನಯ ಎಂಬುದರ ಲೆಕ್ಕ, ಬಾಳಿಕೆಯದಲ್ಲ. ಸೂಪರ್ 100 ಎಂದರೆ ಎಳೆಯ ಸರಾಸರಿ ದಪ್ಪ 18.75 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್) ಮೀರಬಾರದು, ಸೂಪರ್ 120ಕ್ಕೆ 17.75, ಸೂಪರ್ 150ಕ್ಕೆ 16.25. ಎಳೆ ನಯವಾದಷ್ಟೂ ಮುಟ್ಟಲು ಹಿತ, ಬೇಗ ಸುಕ್ಕು, ಬೇಗ ಸವೆತ. ದಿನಾ ಕುರ್ಚಿಗೆ ಉಜ್ಜುವ ಪ್ಯಾಂಟಿಗೆ ಸೂಪರ್ 150 ತರುವುದು ವ್ಯರ್ಥ. 100ರಿಂದ 120ರೊಳಗೆ ಇರಿ, ಉಳಿದ ದುಡ್ಡನ್ನು ಎರಡನೇ ಪ್ಯಾಂಟಿಗೆ ಹಾಕಿ. ಕೋಟಿಗಿಂತ ಪ್ಯಾಂಟು ಮೊದಲು ಸವೆಯುತ್ತದೆ. ಒಂದೇ ಬಟ್ಟೆಯಲ್ಲಿ ಎರಡು ಪ್ಯಾಂಟ್ ಇದ್ದರೆ ಸೂಟಿನ ಆಯಸ್ಸು ಎಷ್ಟೋ ಹೆಚ್ಚುತ್ತದೆ.

ನಮ್ಮ ಹವೆಗೆ ಉಣ್ಣೆ ಸೂಟು ಸೆಕೆಯಾಗುವುದಿಲ್ಲವಾ?

ಸೆಕೆ ಮಾಡುವುದು ಉಣ್ಣೆಗಿಂತ ಹೆಚ್ಚಾಗಿ ಪಾಲಿಯೆಸ್ಟರ್. ಉಣ್ಣೆ ಬೆವರಿನ ತೇವ ಹೀರಿ ಹೊರಗೆ ಬಿಡುತ್ತದೆ, ಪಾಲಿಯೆಸ್ಟರ್ ಅದನ್ನು ಮೈಮೇಲೇ ಉಳಿಸುತ್ತದೆ. ಬೆಂಗಳೂರು, ಮೈಸೂರಿಗೆ ಮೀಟರಿಗೆ 240ರಿಂದ 280 ಗ್ರಾಂ ತೂಗುವ, ಸಡಿಲ ನೇಯ್ಗೆಯ ಉಣ್ಣೆ ಸರಿಹೊಂದುತ್ತದೆ. ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಸಣ್ಣ ಸಣ್ಣ ಕಿಂಡಿ ಕಾಣಬೇಕು. ಮಂಗಳೂರಿನ ಬೆವರಿಗೂ ಕಲಬುರಗಿಯ ಬಿಸಿಲಿಗೂ ಅದೇ ಬಟ್ಟೆ, ಲೈನಿಂಗ್ ಮಾತ್ರ ಬೆನ್ನಿಗೆ ಅರ್ಧ ಹಾಕಿಸಿ. ಲೈನಿಂಗ್ ಬಟ್ಟೆ ಯಾವುದು ಅಂತ ಖಂಡಿತ ಕೇಳಿ. ದುಬಾರಿ ಉಣ್ಣೆಯ ಕೋಟಿಗೆ ಒಳಗಿನಿಂದ ಪಾಲಿಯೆಸ್ಟರ್ ಹಾಕಿದರೆ ಉಣ್ಣೆ ಆರಿಸಿದ್ದೇ ದಂಡ. ಗಾಳಿಯಾಡುವ ಲೈನಿಂಗ್ ಬಟ್ಟೆಗಳಾದ ವಿಸ್ಕೋಸ್ ಅಥವಾ ಕುಪ್ರೋ ಕೇಳಿ.

ತೀರಾ ಹಗುರವಾದ ಬಟ್ಟೆಯೂ ಬೇಡ. 200 ಗ್ರಾಂ ಸುತ್ತಮುತ್ತಲಿನದು ಮೈಮೇಲೆ ನೇರವಾಗಿ ಇಳಿಬೀಳುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ಮುದುಡಿರುತ್ತದೆ.

ಮದುವೆಯಲ್ಲಿ ಉಡುಗೊರೆ ಬಂದ ಸೂಟ್ ಪೀಸ್ ಬೀರುವಿನಲ್ಲಿದೆ. ಅದನ್ನೇ ಹೊಲಿಸಬಹುದಾ?

ಮಾವನವರು ಕೊಟ್ಟದ್ದು ಅಂತ ಹೊಲಿಸದೇ ಬಿಡಲೂ ಆಗುವುದಿಲ್ಲ, ನಿಜ. ಮೊದಲು ಉದ್ದ ನೋಡಿ: ದೊಡ್ಡ ಪನ್ನದ ಬಟ್ಟೆಯಲ್ಲಿ ಕೋಟು, ಪ್ಯಾಂಟು ಎರಡಕ್ಕೂ ಸಾಮಾನ್ಯವಾಗಿ ಮೂರು, ಮೂರೂಕಾಲು ಮೀಟರ್ ಬೇಕು. ದೊಡ್ಡ ಚೆಕ್ಸ್ ಇದ್ದರೆ ಹೊಂದಿಸಲು ಇನ್ನೂ ಹೆಚ್ಚು. ಆಮೇಲೆ ಅಂಚಿನ ಮೇಲಿನ ಬರಹ ಓದಿ. ಟೆರಿವುಲ್ ಆದರೆ ಪಾಲಿಯೆಸ್ಟರ್ ಬೆರೆತ ಉಣ್ಣೆ, ಟೆರಿ ರೇಯಾನ್ ಆದರೆ ಉಣ್ಣೆಯೇ ಇಲ್ಲ. ಟೆರಿ ರೇಯಾನಿಗೆ ಬಿಸ್ಪೋಕ್ ಮಜೂರಿ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಉಣ್ಣೆ ಇಸ್ತ್ರಿಯ ಹಬೆಗೆ ಬಾಗಿ ಆಕಾರ ತಾಳುತ್ತದೆ, ಅದು ತಾಳುವುದಿಲ್ಲ. ಅದರಲ್ಲಿ ಎರಡು ಒಳ್ಳೆಯ ಪ್ಯಾಂಟ್ ಹೊಲಿಸಿಬಿಡಿ.

ಪೀಸ್ ಬಹಳ ವರ್ಷ ಮಡಚಿಟ್ಟದ್ದಾದರೆ ಮಡಿಕೆಯ ಗೆರೆಯಲ್ಲಿ ಬಣ್ಣ ಮಾಸಿದೆಯಾ, ನುಸಿ ತಿಂದಿದೆಯಾ ಅಂತ ಬಿಸಿಲಿನಲ್ಲಿ ಪೂರ್ತಿ ಹರಡಿ ನೋಡಿ.

ಬೆಲೆ ಹೇಗೆ ಹೋಲಿಸುವುದು?

ಬಟ್ಟೆ ಎಷ್ಟು, ಮಜೂರಿ ಎಷ್ಟು, ಒಳಗಿನ ಸಾಮಾನು ಎಷ್ಟು, ಜಿಎಸ್‌ಟಿ ಸೇರಿದೆಯಾ: ಬೇರೆ ಬೇರೆ ಕೇಳಿ ಬರೆದುಕೊಳ್ಳಿ. ಮೇಡ್ ಟು ಮೆಷರ್‌ನಲ್ಲಿ ಇವೆಲ್ಲ ಒಂದೇ ಮೊತ್ತದಲ್ಲಿ ಸೇರಿಹೋಗಿರುತ್ತವೆ, ಬಟ್ಟೆ ಬದಲಾದಂತೆ ಬೆಲೆ ಏರುತ್ತದೆ, ಹೊಲಿಗೆ ಮಾತ್ರ ಅದೇ. ಅಂದರೆ ಅತ್ಯಂತ ದುಬಾರಿ ಬಟ್ಟೆ ಆರಿಸಿದರೂ ನಿಮಗೆ ಸಿಗುವ ಕೈಕೆಲಸ ಹೆಚ್ಚುವುದಿಲ್ಲ. ಸ್ಥಳೀಯ ಟೈಲರ್ ಹತ್ತಿರ ಮಜೂರಿಯೇ ಪ್ರತ್ಯೇಕ. ಅಲ್ಲಿ ಐನೂರು, ಸಾವಿರ ಚೌಕಾಸಿ ಮಾಡಿ ಉಳಿಸಬೇಡಿ. ಆ ಸಾವಿರಕ್ಕೇ ಅವರು ಎರಡನೇ ಟ್ರಯಲ್ ಕೈಬಿಡುತ್ತಾರೆ.

ಲಂಡನ್ನಿನ ಸ್ಯಾವಿಲ್ ರೋ ಬಗ್ಗೆ ಕೇಳುವವರೂ ಇದ್ದಾರೆ. ಅಲ್ಲಿನ ಹೆಸರಾಂತ ಅಂಗಡಿಗಳಲ್ಲಿ ಒಂದು ಸೂಟು 5,000 ಪೌಂಡ್ ದಾಟುತ್ತದೆ, ತಿಂಗಳುಗಟ್ಟಲೆ ಹಿಡಿಯುತ್ತದೆ. ಕೆಲಸ ಅದ್ಭುತ. ಆಫೀಸಿಗೆ ಬೇಕಾದ ಸೂಟಿಗೆ ಅದು ಬೇಕಾಗಿಲ್ಲ.

ಅಮೆರಿಕದಿಂದ ಎರಡು ವಾರದ ರಜೆಗೆ ಊರಿಗೆ ಬರುತ್ತೇನೆ. ಅಷ್ಟರಲ್ಲಿ ಆಗುತ್ತದಾ?

ಬಿಸ್ಪೋಕ್ ಆದರೆ ಬಂದಿಳಿದ ಮರುದಿನವೇ ಅಳತೆ ಕೊಟ್ಟು, ನಡುವೆ ಎರಡು ಟ್ರಯಲ್‌ಗೆ ದಿನ ಗೊತ್ತುಮಾಡಿಕೊಂಡರೆ ಸಾಧ್ಯ, ಅದೂ ಮೊದಲೇ ಫೋನ್ ಮಾಡಿ ಮಾಸ್ಟರನ್ನು ಒಪ್ಪಿಸಿದ್ದರೆ. ಮದುವೆ ಸೀಸನ್ನಿನಲ್ಲಿ, ಆಷಾಢ ಮುಗಿದ ಮೇಲೆ, ಆಸೆ ಇಟ್ಟುಕೊಳ್ಳಬೇಡಿ. ಎಲ್ಲ ಟೈಲರ್‌ಗಳ ಕೈ ತುಂಬಿರುತ್ತದೆ, ಅವಸರದ ಮೊದಲ ಬಲಿ ಟ್ರಯಲ್. ಆಷಾಢದಲ್ಲೇ ಬರುವಂತಿದ್ದರೆ ಅದಕ್ಕಿಂತ ಒಳ್ಳೆಯ ಸಮಯ ಇಲ್ಲ. ಮೇಡ್ ಟು ಮೆಷರ್‌ಗೆ ಫ್ಯಾಕ್ಟರಿಗೆ ಹೋಗಿ ಬರಲು ಹೆಚ್ಚಾಗಿ ಎರಡು ವಾರ ಸಾಲುವುದಿಲ್ಲ.

ತೂಕ ಹೆಚ್ಚಿದರೆ, ಇಳಿದರೆ?

ಹೊಲಿಗೆಯ ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ ಎಂಬುದರ ಮೇಲೆ ಹೋಗುತ್ತದೆ. ಒಳ್ಳೆಯ ಬಿಸ್ಪೋಕ್ ಮಾಸ್ಟರ್ ಪಕ್ಕದ ಹೊಲಿಗೆ, ಬೆನ್ನ ನಡುವೆ, ಪ್ಯಾಂಟಿನ ಸೀಟಿನಲ್ಲಿ ಒಂದರಿಂದ ಒಂದೂವರೆ ಇಂಚು ಬಿಡುತ್ತಾರೆ. ಫ್ಯಾಕ್ಟರಿ ಸೂಟಿನಲ್ಲಿ ಇಷ್ಟು ಇರುವುದು ಅಪರೂಪ. ಸೊಂಟ, ಎದೆ ಸ್ವಲ್ಪ ಹೆಚ್ಚುಕಡಿಮೆ ಮಾಡಬಹುದು. ಭುಜ, ಕಂಕುಳ ಸುತ್ತು, ಕೋಟಿನ ಉದ್ದ ಮುಟ್ಟಬಾರದು. ಜಿಮ್ಮಿಗೆ ಈಗಷ್ಟೇ ಸೇರಿದ್ದೀರಾ? ಆರು ತಿಂಗಳು ತಡೆಯಿರಿ.

ಮಹಿಳೆಯರ ಸೂಟಿಗೂ ಇದೇ ಮಾತಾ?

ಇಲ್ಲಿ ನನ್ನ ಉತ್ತರ ಬದಲಾಗುತ್ತದೆ. ಗಂಡಸರ ಕೋಟಿನ ಪ್ಯಾಟರ್ನನ್ನೇ ಚಿಕ್ಕದು ಮಾಡಿ ಕೊಡುವ ಕಡೆ ಮೇಡ್ ಟು ಮೆಷರ್ ಬೇಡವೇ ಬೇಡ. ಎದೆಯ ಡಾರ್ಟ್ (ಆಕಾರ ಬರಲು ಬಟ್ಟೆ ಮಡಚಿ ಹಾಕುವ ಹೊಲಿಗೆ) ಎಲ್ಲಿ ಮುಗಿಯಬೇಕು ಎಂಬುದರಲ್ಲೇ ಇಡೀ ಕೋಟು ನಿಂತಿದೆ, ಅದನ್ನು ಮೈಮೇಲೆ ಕಚ್ಚಾ ಟ್ರಯಲ್ ಮಾಡಿಯೇ ಗುರುತಿಸಬೇಕು. ಹೆಂಗಸರ ಕೋಟು ಹೊಲಿದು ಅಭ್ಯಾಸವಿರುವ ಮಾಸ್ಟರ್ ಹುಡುಕಿ, ಅವರು ಹೊಲಿದ ಒಂದು ಕೋಟು ಕಣ್ಣಾರೆ ನೋಡಿ ಆರ್ಡರ್ ಕೊಡಿ. ಬ್ಲೌಸ್ ಚೆನ್ನಾಗಿ ಹೊಲಿಯುತ್ತಾರೆ ಎನ್ನುವುದು ಇದಕ್ಕೆ ಸಾಲದು. ನಿಜವಾದ ಒಳಜೇಬು ಕೇಳಿ ಹಾಕಿಸಿಕೊಳ್ಳಿ.

ಸೂಟಿನ ಬದಲು ಬಂದ್‌ಗಲಾ ಹೊಲಿಸಿದರೆ?

ಆಫೀಸಿನ ದೊಡ್ಡ ಸಮಾರಂಭಗಳಿಗೆ ಬಹಳ ಚೆನ್ನ, ಟೈ ಕಾಟವೂ ಇಲ್ಲ. ಆದರೆ ಅದರ ಕಾಲರು ಕುತ್ತಿಗೆಯ ಸುತ್ತ ಮುಚ್ಚಿ ನಿಲ್ಲಬೇಕು. ಒಂದು ಬೆರಳು ಆಡುವಷ್ಟು ಸಡಿಲ, ಅದಕ್ಕಿಂತ ಹೆಚ್ಚಾದರೆ ಜೋಲು, ಕಡಿಮೆಯಾದರೆ ಉಸಿರು ಕಟ್ಟುತ್ತದೆ. ಸಿದ್ಧ ಪ್ಯಾಟರ್ನಿನಲ್ಲಿ ಇದು ಸಿಗುವುದು ಅದೃಷ್ಟ. ಬಂದ್‌ಗಲಾ ಮಾತ್ರ ಬಿಸ್ಪೋಕ್ ಹೊಲಿಸಿ.

ಆನ್‌ಲೈನಿನಲ್ಲಿ ನಾವೇ ಅಳತೆ ತೆಗೆದು ಕಳಿಸಬಹುದಾ?

ಅಂಗಿಗೆ ಆಗಬಹುದು. ಕೋಟಿಗೆ ಬೇಡ.

ಹೊಲಿಸಿದ ಸೂಟು ಬಹಳ ದಿನ ಬಾಳಬೇಕೆಂದರೆ?

ಪ್ರತಿ ಸಲ ಡ್ರೈಕ್ಲೀನಿಗೆ ಕೊಡಬೇಡಿ. ಬಂದ ಕೂಡಲೇ ಅಗಲ ಭುಜದ ಮರದ ಹ್ಯಾಂಗರಿಗೆ ಹಾಕಿ, ಬ್ರಷ್‌ನಿಂದ ಧೂಳು ಹೊಡೆದು, ಒಂದು ರಾತ್ರಿ ಗಾಳಿಯಾಡಲು ಬಿಡಿ. ಮಾರನೇ ದಿನ ಅದನ್ನೇ ತೊಡಬೇಡಿ. ಕಲೆ ಬಿದ್ದಾಗ, ವಾಸನೆ ಬಂದಾಗ ಮಾತ್ರ ಡ್ರೈಕ್ಲೀನ್. ಇಸ್ತ್ರಿ ಅಂಗಡಿಯ ಕೆಂಡದ ಪೆಟ್ಟಿಗೆಗೆ ಉಣ್ಣೆ ಕೋಟು ಕೊಟ್ಟರೆ ಲೇಪಲ್ ಚಪ್ಪಟೆಯಾಗಿ ಬಟ್ಟೆಗೆ ಹೊಳಪು ಬರುತ್ತದೆ, ಆ ಹೊಳಪು ಹೋಗಿಸುವುದು ಕಷ್ಟ. ಮನೆಯಲ್ಲೇ ಹಬೆ ಕೊಡಿ, ಇಲ್ಲವೇ ಹೊಲಿದ ಮಾಸ್ಟರ್ ಹತ್ತಿರ ಒಯ್ಯಿರಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟರೆ ಬೂಷ್ಟು ಹಿಡಿಯುತ್ತದೆ. ಹಳೆಯ ಕಾಟನ್ ಪಂಚೆಯಲ್ಲಿ ಹೊದಿಸಿ ತೂಗುಹಾಕಿ, ಕೆಳಗೆ ಬೇವಿನ ಎಲೆ ಅಥವಾ ಕರ್ಪೂರ ಇಡಿ.